ಚೆಲ್ಲಿದ ಅಳತೆ

ಅಕ್ಕನ ಮಂಚದ ಕಂಬಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ತೂಗುತ್ತಿತ್ತು. ಹಿಂದಿನ ರಾತ್ರಿ ಅವಳಿಗೆ ಮಂಡಿ ಬದಲಿಸುವ ಆಪರೇಷನ್ ಆಗಿತ್ತು. ಆ ಕಾಲಿನಿಂದ ಹೊರಟ ತೆಳು ನಳಿಕೆಯಲ್ಲಿ ರಕ್ತ ಇಳಿದು ಬಾಟಲಿ ಸೇರುತ್ತಿತ್ತು. "ಒಳಗೆ ಕಟ್ಟಿಕೊಳ್ಳಬಾರದು ಅಂತ ಡ್ರೈನ್ ಹಾಕಿದೀವಿ" ಎಂದು ನರ್ಸ್ ಜೆಸಿಂತಾ ಬೆಳಿಗ್ಗೆಯೇ ಹೇಳಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಕೆಟ್ಟ ರಕ್ತ, ಹೋದಷ್ಟೂ ಒಳ್ಳೆಯದು.

ಅಕ್ಕ ಸರ್ವಮಂಗಳೆಗೆ ರಕ್ತ ಕಂಡರಾಗದು. "ಅದನ್ನ ಕಣ್ಣೆದುರಿಂದ ತೆಗಿಯೇ" ಎಂದಳು. ನಾನೋ, ಎಂಜಲು ಲೋಟ ಕಂಡರೆ ಕೈ ತುರಿಸುವ ಜನ್ಮ. ಬಾಟಲಿ ಬಿಚ್ಚಿ, ಬಚ್ಚಲಿಗೆ ಸುರಿದು, ತೊಳೆದು ಮತ್ತೆ ಸಿಕ್ಕಿಸಿದೆ. ಊಟದ ಹೊತ್ತಿಗೆ ಇನ್ನೊಮ್ಮೆ. ಆಮೇಲೆ ಜೆಸಿಂತಾ ಬಂದು ಬಗ್ಗಿ ನೋಡಿ, "ಎಂಬತ್ತೇ ಎಂಎಲ್. ಪರವಾಗಿಲ್ಲ" ಎಂದು ಬರೆದುಕೊಂಡರು. ಬಾಟಲಿಯನ್ನು ಚೊಕ್ಕಟವಾಗಿಟ್ಟೆನೆಂದು ನನಗೆ ಹೆಮ್ಮೆಯೂ ಆಯಿತು, ದರಿದ್ರ ಹೆಮ್ಮೆ.

ಮೂರು ಗಂಟೆಗೆ ಅಕ್ಕನ ತುಟಿ ಬಿಳಿಚಿಕೊಂಡಿತು. ಹಣೆ ತಣ್ಣಗೆ ಬೆವರಿತು, ಅವಳಿಗೆ ಎಚ್ಚರ ತಪ್ಪಿತು. ಡಾಕ್ಟರು ಓಡಿಬಂದರು. ನಾಡಿ ಓಡುತ್ತಿತ್ತು, ಬಿಪಿ ಇಳಿದಿತ್ತು. ಅವರು ಬಾಟಲಿ ನೋಡಿದರು, ಜೆಸಿಂತಾ ಬರೆದಿಟ್ಟ ಚೀಟಿ ನೋಡಿದರು. "ರಕ್ತ ಹೋಗಿರೋದು ಇಷ್ಟೇ. ಹಾಗಾದ್ರೆ ಹಾರ್ಟೇ ಇರಬೇಕು. ಹೃದಯದ ವಾರ್ಡಿಗೆ ಸಾಗಿಸಿ" ಎಂದರು.

ಅಯ್ಯೋ ಶಿವನೇ! ಕಂಬಿಯ ಬಾಟಲಿ ನೋಡಲು ನನಗೆ ಧೈರ್ಯ ಬರಲಿಲ್ಲ. ಹೇಳಿದರೆ ನಾನು ಕೊಲೆಗಾತಿ, ಹೇಳದಿದ್ದರೂ ಕೊಲೆಗಾತಿ. ಅಷ್ಟರಲ್ಲಿ ಸ್ಟ್ರೆಚರ್ ಬಾಗಿಲಿಗೆ ಬಂತು.

"ನಾನು ಚೆಲ್ಲಿದೆ" ಎಂದೆ. "ಎರಡು ಸಲ."

ಜೆಸಿಂತಾ ನನ್ನ ಭುಜ ಹಿಡಿದು ಅಲುಗಿಸಿದರು. "ಎಷ್ಟಿತ್ತು? ಬೇಗ ಹೇಳಿ, ಸರಿಯಾಗಿ ಹೇಳಿ!"

ಮೂವತ್ತು ವರ್ಷ ಮನೆಮನೆಗೆ ಹಾಲು ಅಳೆದವಳು ನಾನು. ಕಣ್ಣು ಮುಚ್ಚಿದೆ. "ಮೊದಲ ಸಲ ಅರ್ಧ ಲೀಟರ್. ಆಮೇಲೆ ಕಾಲು ಲೀಟರ್, ಮೇಲೊಂದು ಕೊಸರು."

"ಮುಕ್ಕಾಲು ಲೀಟರ್!" ಡಾಕ್ಟರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಳಿಕೆಗೆ ಕ್ಲಿಪ್ ಬಿತ್ತು. ರಕ್ತದ ಚೀಲ ಬಂತು, ಮತ್ತೊಂದು ಬಂತು. ಸಂಜೆ ಅಕ್ಕ "ನೀರು" ಎಂದಾಗ ಗೋಡೆಗೆ ತಿರುಗಿ ಹೋ ಎಂದು ಅತ್ತೆ. "ನೀವು ಚೆಲ್ಲಿದ್ದನ್ನ ಈಗಲೇ ಅವರಿಗೆ ಹೇಳೋಕೆ ಹೋಗಬೇಡಿ, ಗಾಬರಿ ಆಗ್ತಾರೆ" ಎಂದರು ಜೆಸಿಂತಾ.

ಆಮೇಲೂ ನಾನು ಹೇಳಲಿಲ್ಲ. ಈಗ ಅಕ್ಕ ನಮ್ಮ ಮನೆಯ ಮೆಟ್ಟಿಲನ್ನು ಸರಸರನೆ ಹತ್ತಿ ಬರುತ್ತಾಳೆ. ಯಾರೇ ಕೂತಿರಲಿ, ವಾರ್ಡಿನಲ್ಲಿ ಕೇಳಿದಷ್ಟನ್ನೇ ಹಿಡಿದು, "ಡಾಕ್ಟರಿಗೇ ತಿಳೀಲಿಲ್ಲ ಕಣ್ರೀ. ರಕ್ತ ಎಷ್ಟು ಹೋಗಿದೆ ಅಂತ ಇವಳು ಕಣ್ಣಳತೇಲೇ ಹೇಳಿ ನನ್ನ ಉಳಿಸಿದ್ಲು" ಎನ್ನುತ್ತಾಳೆ. ನಾನು ತಲೆಯೆತ್ತದೆ, ಅವಳ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕಲಕುತ್ತಲೇ ಇರುತ್ತೇನೆ.