ಜ್ವರ ಇಳಿದ ದಿನ

ಜೆಪ್ಪುವಿನ ಸಾರಮ್ಮ ಬೀಡಿ ಕಟ್ಟುವ ವೇಗ ಹೇಳಿದರೆ ನೀವು ನಂಬ್ಲಿಕ್ಕಿಲ್ಲ. ಎಲೆ ಕೈಗೆ ಬರುವ ಮೊದಲೇ ಬೀಡಿ ಗೆರಸೆಗೆ ಬಿದ್ದಾಗಿರ್ತದೆ. ಗಂಡ ಉಮರಬ್ಬ ಬೊಂಬಾಯಿಯ ಹಡಗಿನಲ್ಲಿ ಅಡುಗೆಯವ. ವರ್ಷಕ್ಕೊಮ್ಮೆ ಬಂದರೆ ಬಂದ. ಮಕ್ಕಳಿಲ್ಲ. ಮಾತಾಡ್ಲಿಕ್ಕೆ ಒಂದು ಬೆಕ್ಕು ಮಾತ್ರ ಉಂಟು.

ಒಂದು ದಿನ ಎಲೆ ಕತ್ತರಿಸುವಾಗ ಕತ್ತರಿ ಬೆರಳಿಗೆ ತಾಗಿತು. ಸಾರಮ್ಮ ಗಾಯಕ್ಕೆ ಒಂದು ಚಿಟಿಕೆ ಹೊಗೆಸೊಪ್ಪಿನ ಹುಡಿ ಒತ್ತಿ, ಬಟ್ಟೆ ಸುತ್ತಿ, ಪುನಃ ಕೆಲಸಕ್ಕೆ ಕೂತಳು. ಬೀಡಿ ಕಟ್ಟುವವರ ಮದ್ದು ಅದೇ. ಮೂರನೇ ದಿನ ಬೆರಳು ಊದಿ ಬಾಳೆಕಾಯಿ ಆಯ್ತು. ಜ್ವರ ಬಂತು. ಎಂಥ ಜ್ವರ ಅಂದರೆ, ಮಗ್ಗುಲಲ್ಲಿ ಮಲಗಿದ ಬೆಕ್ಕು ಸೆಕೆ ತಡೆಯಲಾರದೆ ಎದ್ದು ಹೋಯ್ತು. ಮತ್ತೆ ಮನೆಯಲ್ಲಿ ಯಾರೂ ಉಳಿಯಲಿಲ್ಲ. ಎರಡು ದಿನ ಸಾರಮ್ಮ ಮಾಡಿನ ಹಂಚು ನೋಡ್ತಾ ಮಲಗಿದಳು.

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಆಗ್ನೆಸ್ ಬಾಯಿ ಒಳಗೆ ಬಂದಳು. ಆಗ್ನೆಸ್ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸ್.

“ಎಂತ ಸಾರಮ್ಮ, ಎರಡು ದಿನದಿಂದ ನಿನ್ನ ಸ್ವರವೇ ಇಲ್ಲ?”

“ಜ್ವರ ಇತ್ತು ಬಾಯಿ. ಇವತ್ತು ಇಳೀತು. ನೋಡಿ, ಮೈ ತಣ್ಣಗುಂಟು. ಗುಣ ಆಯ್ತು.”

ಆಗ್ನೆಸ್ ಕೈ ಮುಟ್ಟಿದಳು. ಬಾವಿಕಟ್ಟೆಯ ಕಲ್ಲಿನ ಹಾಗೆ ತಂಪು. ಉಸಿರು ಮಾತ್ರ ಓಡಿ ಬಂದವರ ಹಾಗೆ.

“ಮೂತ್ರಕ್ಕೆ ಹೋದದ್ದು ಯಾವಾಗ?”

“ನಿನ್ನೆ... ಮೊನ್ನೆಯಾ? ಇವತ್ತು ಯಾವ ವಾರ?”

“ಎದ್ದೇಳು. ನಮ್ಮ ಆಸ್ಪತ್ರೆಗೆ ಹೋಗುವ.”

“ಜ್ವರ ಇರುವಾಗ ಹೋಗ್ಲಿಲ್ಲ, ಬಿಟ್ಟ ಮೇಲೆ ಹೋಗುವುದಾ? ನಿಮಗೆ ತಲೆ ಸಮ ಇಲ್ವಾ?”

“ಕೇಳು ಮಾರಾಯ್ತಿ. ಕಡಲ ಕರೆಯಲ್ಲಿ ರಂಪಣಿ ಬಲೆ ಎಳೆಯುವುದು ನೋಡಿದ್ದಿ ಅಲ್ವಾ? ನೂರು ಜನ ಬೊಬ್ಬೆ ಹೊಡೆದು ಎಳೀತಾರೆ. ನಮ್ಮ ರಕ್ತದಲ್ಲಿ ಬಿಳಿ ಕಣ ಅಂತ ಉಂಟು, ಅವೂ ಹಾಗೆ. ಗಾಯಕ್ಕೆ ನಂಜು ಹೊಕ್ಕರೆ ಓಡಿ ಬರ್ತವೆ. ಅವುಗಳ ಬೊಬ್ಬೆಯೇ ಜ್ವರ. ನಂಜು ರಕ್ತಕ್ಕೇ ಇಳಿದರೆ ಎಷ್ಟು ದಿನ ಎಳೀಬಹುದು? ಹಳಬರು ಸೋತು ಬೀಳ್ತಾರೆ. ಅವರ ಜಾಗಕ್ಕೆ ಬರುವ ಎಳೆಯರಿಗೆ ಹಗ್ಗ ಹಿಡೀಲಿಕ್ಕೂ ಗೊತ್ತಿಲ್ಲ. ಆಗ ಬೊಬ್ಬೆ ನಿಲ್ತದೆ. ಬಲೆ ಇನ್ನೂ ನೀರಲ್ಲೇ ಉಂಟು, ನಂಜು ಒಳಗೇ ಉಂಟು.”

ಸಾರಮ್ಮ ಗೋಡೆ ಕಡೆ ತಿರುಗಿದಳು. “ಅಲ್ಲಿ ಹಾಸಿಗೆ ಹತ್ತಿರ ಕೂರ್ಲಿಕ್ಕೆ ನನಗೆ ಯಾರುಂಟು ಬಾಯಿ? ಇಲ್ಲೇ ಆಗ್ತದೆ.”

“ಯಾರೂ ಇಲ್ಲದವರೂ ಅಲ್ಲಿ ಬದುಕ್ತಾರೆ. ಇಲ್ಲಿ ಊರೇ ಕೂತರೂ ನೀನು ನಾಳೆಯ ಬೆಳಗು ನೋಡುವುದಿಲ್ಲ. ಏಳ್ತೀಯಾ, ಹೊತ್ತುಕೊಳ್ಳಬೇಕಾ?”

ಸಾರಮ್ಮ ಎದ್ದಳು. ಜಟಕಾದಲ್ಲಿ ಆಗ್ನೆಸ್‌ಳ ಹೆಗಲಿಗೆ ಒರಗಿದಳು. ಒಬ್ಬರ ಹೆಗಲಿಗೆ ಒರಗದೆ ವರ್ಷ ಎಷ್ಟಾಯ್ತೋ, ನೆನಪಾಗಲಿಲ್ಲ.

ಡಾಕ್ಟ್ರು ಬೆರಳು ಸೀಳಿ ಕೀವು ತೆಗೆದರು. ಪೆನಿಸಿಲಿನ್ ಚುಚ್ಚಿದರು, ಆ ಸೂಜಿಗಳನ್ನು ಸಾಲಾಗಿ ಇಟ್ಟರೆ ಹೊಳೆಯಾಚೆಯ ಉಳ್ಳಾಲ ಮುಟ್ಟುತ್ತಿತ್ತು. ಸಂಜೆ ಬೇರೆ ಹಾಸಿಗೆಗಳಿಗೆ ಗಂಜಿ ಹಿಡ್ಕೊಂಡು ಜನ ಬರುವಾಗ ಸಾರಮ್ಮ ನಿದ್ರೆ ಬಂದ ಹಾಗೆ ಕಣ್ಣು ಮುಚ್ಚುತ್ತಿದ್ದಳು. ಒಂದು ಸಂಜೆ ಕೆಲಸದ ನಡುವೆ ಆಗ್ನೆಸ್ ಬಂದು ಐದು ನಿಮಿಷ ಕೂತಳು. ಪಕ್ಕದ ಹಾಸಿಗೆಯವಳು ಕೇಳಿದಳು, “ಅವರು ನಿಮ್ಮವರಾ?”

ಸಾರಮ್ಮ “ಹೌದು” ಅಂದಳು.

ಅಕ್ಕಂದಿರೇ, ಗಾಯಕ್ಕೆ ಹೊಗೆಸೊಪ್ಪು ಬೇಡ, ಸಾಬೂನು ನೀರಲ್ಲಿ ತೊಳೆಯಿರಿ. ಜ್ವರ ಇಳಿದ ಮೇಲೆ ಕೈಕಾಲು ತಣ್ಣಗಾಗಿ, ಉಸಿರು ಜೋರಾಗಿ, ಮೂತ್ರ ಕಮ್ಮಿಯಾಗಿ, ದಿನ ವಾರ ಮರೆತು ಮಾತು ಹೆಚ್ಚುಕಮ್ಮಿಯಾದರೆ ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಒಬ್ಬರೇ ಇರುವವರಿಗೆ ತಮ್ಮ ಮಾತು ಹೆಚ್ಚುಕಮ್ಮಿಯಾದದ್ದು ತಿಳಿಯುವುದಿಲ್ಲ. ಅದನ್ನು ಪಕ್ಕದ ಮನೆಯವರು ನೀವೇ ಹೋಗಿ ಕೇಳಬೇಕು.