ಬೊಚ್ಚುಬಾಯಿಯ ಸರ್ವೋ

ಗಂಡನ ಅಣ್ಣ ತಂದಿಟ್ಟ ಆರು ಸರ್ವೋಗಳನ್ನು ಹಲ್ಲಿನ ಡಾಕ್ಟರಮ್ಮ ಮುಟ್ಟಲಿಲ್ಲ; ಕನ್ನಡಕ ಏರಿಸಿ ನೋಡುತ್ತ ನಿಂತಳು. ಇಬ್ಬರೂ ಸೇರಿ ಮೂರು ತಿಂಗಳಿಂದ ಕಟ್ಟಿದ ರಿಮೋಟ್ ವಿಮಾನದ ರೆಕ್ಕೆ, ಬಾಲಗಳ ಅಂಚಿನ ಪಟ್ಟಿಗಳನ್ನು ತಿರುಗಿಸಬೇಕಾದವು ಬೆಂಕಿಪೊಟ್ಟಣದಷ್ಟಿರುವ ಈ ಮೋಟಾರುಗಳೇ. ಆಕಾಶದಲ್ಲಿ ಒಂದು ಕೈಕೊಟ್ಟರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಒಳಗಿನ ಗೇರ್ ಚಕ್ರವೆಲ್ಲ ಲೋಹದ್ದೇನಾ, ಭಾವ?"

"ಡಬ್ಬದ ಮೇಲೇ ಬರೆದಿದೆಯಲ್ಲಮ್ಮ."

"ಡಬ್ಬದ ಮೇಲೆ ಏನು ಬೇಕಾದ್ರೂ ಬರೀಬಹುದು."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದೇ ನಂಬಿದವಳು. ಮರುದಿನ ಆರನ್ನೂ ಕ್ಲಿನಿಕ್ಕಿಗೆ ಒಯ್ದು ತೂಗಿದಳು. ಎರಡು ಹಗುರವಾಗಿದ್ದವು. ಅವುಗಳ ತೋಳಿಗೆ ದಾರದಲ್ಲಿ ಭಾರ ಕಟ್ಟಿ, ಎಡಕ್ಕೂ ಬಲಕ್ಕೂ ತಿರುಗುತ್ತಿರಲೆಂದು ಬಿಟ್ಟಳು. ಮೂರನೇ ರೋಗಿ ಬಾಯಿ ಮುಕ್ಕಳಿಸುವ ಹೊತ್ತಿಗೆ ಅವುಗಳಲ್ಲೊಂದು ಕರಕರ ಎನ್ನುತ್ತ ನಡುಗತೊಡಗಿತು. ಮುಟ್ಟಿದರೆ ಸುಡುತ್ತಿತ್ತು. ಬಿಚ್ಚಿದರೆ ಹಿತ್ತಾಳೆ ಬಣ್ಣ ಬಳಿದ ಪ್ಲಾಸ್ಟಿಕ್ ಚಕ್ರ. ನಾಲ್ಕು ಹಲ್ಲು ಉದುರಿ ಬೊಚ್ಚುಬಾಯಿ.

ಸಂಜೆ ಭಾವನನ್ನೂ ಕರೆದುಕೊಂಡು ಅಂಗಡಿಗೆ ಹೊರಟಳು. ದಾರಿಯುದ್ದಕ್ಕೂ ಆತ ಅಂಗಡಿಯವನನ್ನು ಬೈದದ್ದೇ ಬೈದದ್ದು. ಕೇಳಿದಷ್ಟೂ ಅವಳ ಅನುಮಾನ ಬಲಿಯಿತು. ಮೂರು ಸಲ ಕೇಳಿದರೆ ಒಂದು ಮಾತಾಡುವ ಮನುಷ್ಯ, ಇವತ್ತೇಕೆ ಇಷ್ಟು ಅಬ್ಬರ?

ಅಂಗಡಿಯವನು ಬಿಚ್ಚಿದ ಸರ್ವೋ ನೋಡಿ ಭಾವನತ್ತ ತಿರುಗಿದ. "ಸಾರ್, ಎರಡು ಅಗ್ಗದ್ದೇ ಇರ್ಲಿ ಅಂತ ನೀವೇ ಹೇಳಿದ್ರಲ್ಲ? ಒಳ್ಳೇದರ ಡಬ್ಬಕ್ಕೆ ಹಾಕ್ಕೊಡಿ ಅಂದಿದ್ದೂ ನೀವೇ."

ಭಾವನ ಕಿವಿಯೆರಡೂ ಕೆಂಪಾದವು.

"ಒಳಗೆ ಯಾರು ನೋಡ್ತಾರೆ ಅಂದ್ಕೊಂಡೆ ಕಣಮ್ಮ," ಎಂದ.

"ಒಳಗೆ ನೋಡೋದೇ ನನ್ನ ಕಸುಬು, ಭಾವ."

ಇಬ್ಬರನ್ನೂ ನಂಬದೆ, ಬೇರೆ ಎರಡನ್ನು ತೆಗೆಸಿ ಅಲ್ಲೇ ತೂಗಿಸಿ, ಭಾರ ಕಟ್ಟಿ ಅರ್ಧ ಗಂಟೆ ಓಡಿಸಿದಳು. ಬಿಸಿಯಾಗಲಿಲ್ಲ, ನಡುಗಲೂ ಇಲ್ಲ. ಆಮೇಲೆಯೇ ಕುರ್ಚಿ ಬಿಟ್ಟೆದ್ದದ್ದು.

ಭಾನುವಾರ ಮೈದಾನದಲ್ಲಿ ವಿಮಾನ ಸರ್ರನೆ ಏರಿತು, ನಾಲ್ಕು ಸುತ್ತು ಹೊಡೆಯಿತು, ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಭಾವ ಚಪ್ಪಾಳೆ ತಟ್ಟುತ್ತಿದ್ದರೆ ಅವಳು ಮಂಡಿಯೂರಿ ಒಂದೊಂದೇ ಸರ್ವೋ ಮುಟ್ಟಿ ನೋಡುತ್ತಿದ್ದಳು.

"ಮದುವೆಗೆ ಮುಂಚೆ ನನ್ನ ತಮ್ಮನ್ನೂ ಹೀಗೇ ಪರೀಕ್ಷೆ ಮಾಡಿದ್ದೆಯೇನಮ್ಮ?"

"ಅವರನ್ನ ಮಾಡಿದ್ದೆ," ಎಂದಳು ತಲೆಯೆತ್ತದೆ. "ಅವರಣ್ಣನ್ನ ಮಾಡೋದು ಮರೆತೇಬಿಟ್ಟೆ."