ಗುಡ್ಡದಾಗ ಕೂಗೋರು ಯಾರು?

ಇರಕಲ್ಲಗಡದ ಪಾರಮ್ಮ ಹಾವು ಚೇಳಿಗೆಲ್ಲ ಹೆದರುವ ಹೆಂಗಸಲ್ಲ. ಆದರೆ ಮಟಮಟ ಮಧ್ಯಾಹ್ನ ಕುರಿ ಮೇಯಿಸುವಾಗ ಗುಡ್ಡದ ಬಂಡೆಗಳ ಸಂದಿಯಿಂದ ಏಳುವ ಆ ದನಿಗೆ ಮಾತ್ರ ಅವಳ ಮೈ ಜುಮ್ಮೆನ್ನುತ್ತಿತ್ತು. ಈ ಬಂಡೆಯ ಹಿಂದೆ ಕೂಗಿತೆಂದು ಹೋದರೆ ಆ ಬಂಡೆಯ ಹಿಂದೆ ಕೂಗುತ್ತಿತ್ತು. ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ.

“ದೆವ್ವನ ಐತಿ,” ಅಂದಳು. ಹೇಗೂ ಮಳೆಗೆ ಮುಂಚೆ, ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಬೆಂಕಿ ಇಡುವ ರೂಢಿ. ಈ ಸಲ ದೆವ್ವವೂ ಸುಟ್ಟುಹೋಗಲಿ ಎಂದು ಕಡ್ಡಿಪೆಟ್ಟಿಗೆ ಸೆರಗಿಗೆ ಕಟ್ಟಿಕೊಂಡು ಹೊರಟಳು.

ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಹೇಮಾ ಸಿಕ್ಕಳು. ವಿಷಯ ಕೇಳಿ ನಗಲಿಲ್ಲ.

“ಅಕ್ಕಾ, ಕಡ್ಡಿ ಆಮ್ಯಾಲ ಗೀರ್ರಿ. ಮೊದಲ ಇಲ್ಲಿ ಸುಮ್ಮನ ಕುಂದರ್ರಿ.”

ಕುಳಿತರು. ಗಾಳಿಯೂ ನಿಂತಿತ್ತು. ದನಿ ತೀರ ಹತ್ತಿರದಲ್ಲೇ ಎದ್ದಿತು. ಪಾರಮ್ಮ ಹೇಮಾಳ ಕೈ ಗಟ್ಟಿಯಾಗಿ ಹಿಡಿದಳು. ಪೊದೆಯಿಂದ ಹಳದಿ ಗಂಟಲಿನ ಹಕ್ಕಿಯೊಂದು ಇಣುಕಿ, ಕೂಗಿ, ಮಾಯವಾಯಿತು.

“ಅಯ್ಯ, ಇದನ! ಇಂಥಾ ಪಿಕಳಾರ ನಮ್ಮ ಬೇವಿನ ಗಿಡದಾಗ ಬೇಕಾದಷ್ಟು ಅದಾವಲ್ಲ ತಂಗಿ!”

“ಅವು ಬ್ಯಾರೆ ಅಕ್ಕಾ. ಅವುಕ್ಕ ಕರೇ ತಲಿ, ಬಾಲದ ಬುಡಕ ಕೆಂಪು. ಊರು, ಹೊಲ, ಹಿತ್ತಲ, ಎಲ್ಲಿದ್ರೂ ಬದುಕ್ತಾವ. ಇದು ಅದರ ದಾಯಾದಿ, ಹಳದಿ ಗಂಟಲಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ರ ಜಗತ್ತಿನಾಗ ಮತ್ತೆಲ್ಲೂ ಇಲ್ಲ. ಅಪಾಯದಾಗ ಐತಿ. ಪೊದಿ ಸುಟ್ರ, ಕಲ್ಲು ಒಡದ್ರ ಇದರ ಬಾಳೇವು ಮುಗೀತು.”

“ಮತ್ತೊಂದು ಗುಡ್ಡಕ್ಕ ಹೋಗ್ತಾವ ಬಿಡು.”

“ಹೋದ ವರ್ಷ ಸುಟ್ಟ ಗುಡ್ಡ ಅಲ್ಲೇ ಐತಲ್ಲ. ಬರ್ರಿ, ನೋಡೋಣು.”

ಆ ಗುಡ್ಡದಲ್ಲಿ ಕರಿ ಮುಳ್ಳುಕಡ್ಡಿಗಳು ನಿಂತಿದ್ದವು. ಸುಟ್ಟ ಮೇಲೆ ಬಿದ್ದ ಮೊದಲ ಮಳೆಗೆ ಮಣ್ಣು ಕೊಚ್ಚಿಹೋಗಿ ಹುಲ್ಲೂ ಸರಿಯಾಗಿ ಎದ್ದಿರಲಿಲ್ಲ. ಜೀರುಂಡೆಯ ಸದ್ದೂ ಇಲ್ಲ. ಪಾರಮ್ಮ “ಹೋಯ್!” ಎಂದು ಕೂಗಿದಳು. ಅವಳದೇ ದನಿ ಬಂಡೆಗೆ ಬಡಿದು ತಿರುಗಿ ಬಂತು. ಬೇರೆ ಯಾರೂ ಓಗೊಡಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗ.

“ಇಲ್ಲೂ ಕೂಗ್ತಿತ್ತು ತಂಗಿ,” ಎಂದಳು ಸಣ್ಣಗೆ. “ಯಾವಾಗ ನಿಂತಿತೋ, ನನಗ ಗೊತ್ತ ಆಗಲಿಲ್ಲ.”

ಸಂಜೆ ಗಂಡ ಯಮನೂರಪ್ಪ ಕೇಳಿದ: “ಬೆಂಕಿ ಇಟ್ಟಿ ಏನು?”

“ಈ ಕಡ್ಡಿ ಇನ್ನ ಒಲಿಗಷ್ಟ. ಒಣ ಹುಲ್ಲು ಕುಡಗೋಲಿಂದ ಕೊಯ್ಯೋಣು.”

“ಮತ್ತ ದೆವ್ವ?”

“ನಾಳೆ ಮಧ್ಯಾಹ್ನ ಬರ್ರಿ, ತೋರಸ್ತೀನಿ.”

ಮರುದಿನ ಯಮನೂರಪ್ಪ ಬಂಡೆಯ ನೆರಳಲ್ಲಿ ಉಸಿರು ಬಿಗಿಹಿಡಿದು ಕುಳಿತ. ಹಕ್ಕಿ ಕಂಡಿತು. ಸೇದಲೆಂದು ತೆಗೆದಿದ್ದ ಬೀಡಿಯನ್ನೂ ಕಿಸೆಗೆ ಹಾಕಿಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಗುಡ್ಡಕ್ಕೆ ಬೆಂಕಿ ಇಡಬೇಡಿ. ಇಡುವವರನ್ನು ಕಂಡರೆ ತಡೆಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ಗುಡ್ಡ ಕೂಗಿದರೆ ಹೆದರಬೇಡಿ. ಕೂಗು ನಿಂತರೆ ಹೆದರಿ.